ದೋಣಿಯ ಹಿಂದೆ ಕಟ್ಟಿದ ಬಾಳೆಹಣ್ಣು

ನೋಡಿ, ಪರೀಕ್ಷಿಸಿ ಆರಿಸುತ್ತೇನೆಂದು ಹೊರಟ ಗಂಡಸರು ನಮ್ಮ ಮನೆತನದಲ್ಲಿ ನಗೆಗೀಡಾಗದೆ ಮರಳಿದ್ದು ಕಡಿಮೆ. ಆರಿಸುವುದು ಪಂಪ್‌ಸೆಟ್ಟಾಗಲಿ, ವರನಾಗಲಿ, ಫಲಿತಾಂಶ ಒಂದೇ.

ಎರಡು ಸಾವಿರದ ಇಸವಿಯ ಆಚೀಚೆ ನನ್ನ ತಂಗಿಯ ಗಂಡ ಸ್ವಯಂನಿವೃತ್ತಿ ಪಡೆದು, ಕಾರವಾರದ ಕಡೆಯಿಂದ ಹಳೆಯದೊಂದು ಸಣ್ಣ ಮೋಟಾರು ದೋಣಿ ತಂದರು. ಧಾರವಾಡದಾಚೆಯ ಒಂದು ಹಳ್ಳಿಯ ಕೆರೆಯಲ್ಲಿ, ದೋಣಿಯ ಹಿಂದೆ ಗಾಳಿ ತುಂಬಿದ ರಬ್ಬರಿನ ಆಸನವನ್ನು ಹಗ್ಗದಿಂದ ಕಟ್ಟಿ, ಅದರ ಮೇಲೆ ಜನರನ್ನು ಕೂರಿಸಿ ಎಳೆಯುವುದು ಅವರ ಹೊಸ ಉದ್ಯೋಗ. ಆದರೆ ಕೆರೆಯ ಸಮಿತಿಯ ಅಧ್ಯಕ್ಷರು ಒಪ್ಪಬೇಕಿತ್ತು. ಅವರು ಆ ಊರಿನ ನಿವೃತ್ತ ಮಾಸ್ತರರು.

"ಅವರು ಒಲ್ಲೆ ಅಂದ್ರ ದೋಣಿ ಗುಜರಿಗೆ, ನೀವು ಕಮರಿಪ್ಯಾಟ್ಯಾಗ ನಮ್ಮಣ್ಣನ ಅಂಗಡಿ ಗಲ್ಲಾಕ್ಕ," ಎಂದು ತಂಗಿ ಮೊದಲೇ ತಿಳಿಸಿದ್ದಳು.

ಪಡಸಾಲೆಯಲ್ಲಿ ಪರೀಕ್ಷೆ

ವ್ಯಾಪಾರಿಯೊಬ್ಬ ಆ ಆಸನದ ಮೂರು ಮಾದರಿಗಳನ್ನು ತಂದು, ತಂಗಿಯ ಗೋಪನಕೊಪ್ಪದ ಮನೆಯ ಪಡಸಾಲೆಯಲ್ಲೇ ಗಾಳಿ ತುಂಬಿದ. ಮೊದಲನೆಯದು ದುಂಡನೆಯದು, ಅದರ ಮೇಲೆ ಬೋರಲು ಮಲಗಬೇಕು.

"ಮರ್ಯಾದಸ್ಥರು ನಾಲ್ಕು ಮಂದಿ ಎದುರಿಗೆ ಹೊಟ್ಟಿ ಮ್ಯಾಲೆ ಮಲಗ್ತಾರೇನ್ರಿ?" ಎಂದು ತಂಗಿಯ ಗಂಡ ಅದನ್ನು ತಳ್ಳಿಹಾಕಿದರು.

ಎರಡನೆಯದು ಬೆನ್ನಿಗೆ ಆಸರೆಯಿದ್ದ ಸೋಫಾ. ನೋಡಲು ಬಂದ ಪಕ್ಕದ ಮನೆಯ ಕಾಕಾ ಅದರ ಮೇಲೆ ಒರಗಿದವರು ಸಂಜೆಯ ಚಹಾದ ತನಕ ಗೊರಕೆ ಹೊಡೆದರು.

"ಇದು ಬ್ಯಾಡ್ರಿ. ಹತ್ತಿದವರು ಇಳಿಯೂದಿಲ್ಲ," ಎಂದರು ತಂಗಿಯ ಗಂಡ.

ಮೂರನೆಯದು ಬಾಳೆಹಣ್ಣಿನ ಆಕಾರದ್ದು. ಕುದುರೆಯೇರಿದಂತೆ ಸಾಲಾಗಿ ಕೂರಬೇಕು. ಅದು ಒಪ್ಪಿಗೆಯಾಯಿತು. ವ್ಯಾಪಾರಿ ಮಾದರಿಯನ್ನು ಮರಳಿ ಒಯ್ಯಲು ಹೋದರೆ, ಬಾಗಿಲಿನಲ್ಲಿ ಅದು ತೂರಲಿಲ್ಲ.

"ಗಾಳಿ ಬಿಡ್ರಿ," ಎಂದೆ.

"ಅಕ್ಕಾ, ಇಷ್ಟು ಕಷ್ಟಪಟ್ಟು ತುಂಬಿದ ಹವಾ ಸುಮ್ನ ಬಿಟ್ಟುಬಿಡೂದೇನ್ರಿ?" ಎಂದ ತಂಗಿಯ ಗಂಡ, ಬಡಿಗನನ್ನು ಕರೆಸಿ ಬಾಗಿಲಿನ ಚೌಕಟ್ಟು ಬಿಚ್ಚಿಸಿದರು.

ತೂಕದ ಮಾತು

ಇನ್ನು ಅಳತೆ ಉಳಿದಿತ್ತು. "ಕೂಡುವವರ ಒಟ್ಟು ತೂಕ ಹೇಳ್ರಿ, ಅದಕ್ಕ ತಕ್ಕದ್ದು ಕಳಸ್ತೇನಿ," ಎಂದಿದ್ದ ವ್ಯಾಪಾರಿ. ಮೊದಲ ಪ್ರಯೋಗಕ್ಕೆ ನಮ್ಮಣ್ಣನೂ ಅವನ ಸ್ನೇಹಿತರೂ ಸಿದ್ಧರಾದರು. ತೂಕ ಕೇಳಿದರೆ ಒಬ್ಬೊಬ್ಬರೂ ತಮ್ಮ ಲಗ್ನದ ಹೊತ್ತಿನ ತೂಕವನ್ನೇ ಹೇಳಿದರು.

"ಅಣ್ಣಾ, ಈಗಿನದು ಹೇಳು," ಎಂದೆ.

"ಈಗೂ ಅಷ್ಟ. ಲಗ್ನದ ಸೂಟು ಇನ್ನೂ ಕಪಾಟಿನ್ಯಾಗ ಅದ, ಬೇಕಾದ್ರ ನೋಡು."

ಸೂಟು ಕಪಾಟಿನಲ್ಲಿ ಇದ್ದದ್ದು ನಿಜ. ಅದರೊಳಗೆ ಅಣ್ಣನನ್ನು ಕಂಡವರು ಯಾರೂ ಇರಲಿಲ್ಲ.

ಆ ಲೆಕ್ಕದ ಮೇಲೆ ಬಂದ ಬಾಳೆಹಣ್ಣಿನ ಮೇಲೆ ಕೆರೆಯಲ್ಲಿ ಅವರೆಲ್ಲ ಏರಿದ ಬಳಿಕ ಬಾಳೆಹಣ್ಣು ಕಾಣಿಸಲಿಲ್ಲ. ಎಂಜಿನ್ ಅಬ್ಬರಿಸಿತು, ದೋಣಿ ನಿಂತಲ್ಲೇ ನಿಂತಿತು. ಸೊಂಟದ ತನಕ ನೀರಿನಲ್ಲಿ ಕುಳಿತ ಅಣ್ಣ ತೀರ್ಪು ಕೊಟ್ಟ:

"ಎಂಜಿನ್‌ನ್ಯಾಗ ದಮ್ ಇಲ್ಲ."

ಮಾಸ್ತರರ ಪರಿಶೀಲನೆ

ಕೊನೆಗೆ ದೊಡ್ಡದನ್ನೇ ತರಿಸಿದರು. ಮಾಸ್ತರರು ಬರುವ ದಿನ ಅದರ ಮೇಲೆ ಕೂರಲು ಆ ಊರಿನ ಗಣ್ಯರೇ ಮುಂದಾದರು: ಸೊಸೈಟಿಯ ಸೆಕ್ರೆಟರಿ, ಹಿಟ್ಟಿನ ಗಿರಣಿಯ ಮಾಲೀಕ, ನಿವೃತ್ತ ಹವಾಲ್ದಾರ. ಎಲ್ಲರ ತಲೆಯೂ ನರೆತಿತ್ತು. ಎಲ್ಲರ ಕಿವಿಯನ್ನೂ ಒಂದು ಕಾಲಕ್ಕೆ ಅದೇ ಮಾಸ್ತರರು ಹಿಂಡಿದ್ದರು.

ನೀರಿನಲ್ಲಿ ತೇಲಿಸುವ ಜಾಕೀಟು ತೊಟ್ಟು ಕುಳಿತರು. ದೋಣಿ ಹೊರಟಿತು. ಬಾಳೆಹಣ್ಣು ಹಿಂದಿನಿಂದ ಚೆನ್ನಾಗಿಯೇ ಸಾಗಿತು. ಅಷ್ಟರಲ್ಲಿ ಕೆರೆಯ ಏರಿಯ ಮೇಲೆ ಕೊಡೆ ಹಿಡಿದು ಮಾಸ್ತರರು ಕಾಣಿಸಿಕೊಂಡರು.

"ಏ, ಮಾಸ್ತರ ಬಂದ್ರಲೇ!" ಎಂದಿತು ಸಾಲಿನಿಂದ ಒಂದು ದನಿ.

ಇಡೀ ಸಾಲು ಎದ್ದು ನಿಂತು ಕೈಮುಗಿಯಿತು. "ನಮಸ್ಕಾರ್ರೀ ಸರ್!"

ಬಾಳೆಹಣ್ಣು ಮಗುಚಿತು. ಗಣ್ಯರೆಲ್ಲ ನೀರಿಗೆ ಬಿದ್ದರು. ಮಾಸ್ತರರು ತರಗತಿಯಲ್ಲಿ ಮಾಡುತ್ತಿದ್ದಂತೆ ಕೈ ಎತ್ತಿ, ಕೆರೆಗೆ ಹೇಳಿದರು:

"ಇರಲಿ, ಇರಲಿ. ಕೂಡ್ರಿ."

ತಂಗಿಯ ಗಂಡ ದೋಣಿ ತಿರುಗಿಸಿ ಎಲ್ಲರನ್ನೂ ಎತ್ತಿಕೊಂಡು, ಯಾರಿಗೂ ಪೆಟ್ಟಾಗದ ಸಮಾಧಾನದಿಂದ ದಡಕ್ಕೆ ಬಂದು ಉತ್ತರಕ್ಕಾಗಿ ನಿಂತರು. ಮಾಸ್ತರರು ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ಮಂದಿ ಬಿದ್ದದ್ದಕ್ಕ ನಾ ಏನೂ ಅನ್ನಂಗಿಲ್ಲ. ನೀರಾಗ ಬೀಳೂದು ಇದ್ದದ್ದ. ಆದ್ರ ನಾ ಬಂದಾಗ ಎಲ್ಲಾರೂ ಎದ್ದ ನಿಂತ್ರು. ನೀವೊಬ್ಬರ ಕೂತ ಇದ್ರಿ. ಇಂಥವರಿಗೆ ನಮ್ಮ ಕೆರಿ ಕೊಡಂಗಿಲ್ಲ."

"ಸರ್, ನಾನೂ ಎದ್ದಿದ್ರ ದೋಣೀನೂ ಮುಳಗತಿತ್ತಲ್ರಿ!"

"ಮುಳಗಲೇಳ್ರಿ," ಎಂದರು ಮಾಸ್ತರರು. "ಸಂಸ್ಕಾರ ಉಳೀತಿತ್ತು."