ನನ್ನ ಕಾರಿನ ರಬ್ಬರು, ಸಾಹೇಬರ ಕಾಲುವೆ

ಹೋರಾಟ ಮಾಡುವವನ ಮೇಲೆ ಲಾಠಿ ಬೀಳುತ್ತದೆ, ಕೇಸು ಬೀಳುತ್ತದೆ ಎಂದು ಜನ ತಿಳಿದಿದ್ದಾರೆ. ನನ್ನ ಮೇಲೆ ಹೆಚ್ಚಾಗಿ ಬಿದ್ದದ್ದು ಮಳೆ, ಅದೂ ನನ್ನದೇ ಕಾರಿನ ಒಳಗೆ ಕೂತಾಗ. ಸಿಟ್ಟಿನ ಮನುಷ್ಯನನ್ನು ಕಂಡರೆ ನಗೆಪಾಟಲಿಗೆ ಅದೇನು ಪ್ರೀತಿಯೋ, ಹುಡುಕಿಕೊಂಡು ಬರುತ್ತದೆ. ನನಗಂತೂ ಈಗ ಬೇಸರವಾಗಿ ಹೋಗಿದೆ. ಆದರೆ ಅದಕ್ಕೆ ಆಗಿಲ್ಲ.

ನಾನು ಏಳನೇ ಇಯತ್ತೆಗೆ ಸಾಲಿ ಬಿಟ್ಟವನು. ಉಳಿದ ಓದನ್ನೆಲ್ಲ ಬೈಲಹೊಂಗಲ, ಸವದತ್ತಿ, ರಾಮದುರ್ಗದ ಕಚೇರಿಗಳ ಬಾಗಿಲಲ್ಲಿ ನಿಂತು ಕಲಿತೆ. ಅಲ್ಲಿ ಕಲಿಸುವ ಪಾಠ ಒಂದೇ: "ನಾಳೆ ಬರ್ರಿ." ಆ ಶಬ್ದ ಕೇಳಿದರೆ ಇವತ್ತಿಗೂ ನನ್ನ ಮೈ ಉರಿಯುತ್ತದೆ.

ನಮ್ಮ ಜಗಳ ಕಾಲುವೆಯದು. ನವಿಲುತೀರ್ಥದ ಅಣೆಕಟ್ಟಿನಿಂದ ಬಿಟ್ಟ ನೀರು ದಾರಿಯುದ್ದಕ್ಕೂ ಬಿರುಕುಗಳಲ್ಲಿ ಸೋರಿ ಹೋಗುತ್ತದೆ. ಕಾಲುವೆಯ ಕೊನೆಗಿರುವ ನಮ್ಮೂರಿಗೆ ಬರುವ ಹೊತ್ತಿಗೆ ನೀರು ಬಿಟ್ಟ ಸುದ್ದಿಯಷ್ಟೇ ಉಳಿದಿರುತ್ತದೆ. ಸೋರಿಕೆ ನಿಲ್ಲಿಸಿ, ಕೊನೆಯ ಹೊಲಕ್ಕೂ ನೀರು ಕೊಡಿ ಎಂಬುದು ನಮ್ಮ ಬೇಡಿಕೆ. ಅದಕ್ಕಾಗಿ ಊರೂರು ಸುತ್ತುವುದು ನನ್ನ ಹಳೆಯ ಕಾರಿನಲ್ಲಿ. ಅದರ ಎಂಜಿನ್ ಕಲ್ಲುಗುಂಡಿನಂತಿದೆ. ಕೆಟ್ಟದ್ದು ಕಿಟಕಿ ಗಾಜಿನ ಸುತ್ತಲಿನ ರಬ್ಬರು ಮಾತ್ರ. ಬಿಸಿಲಿಗೆ ಒಣಗಿ, ಸೀಳಿ, ಹಪ್ಪಳದಂತೆ ಮುರಿದು ಮುರಿದು ತೊಡೆಯ ಮೇಲೆ ಬೀಳುತ್ತಿತ್ತು.

ಒಳಗೊಂದು ಕೊಡೆ

ರಾಮದುರ್ಗದಲ್ಲಿ ಸಭೆ ಮುಗಿಸಿ ಸವದತ್ತಿಯ ನೀರಾವರಿ ಕಚೇರಿಗೆ ಹೊರಟಿದ್ದೆವು. ಪಕ್ಕದಲ್ಲಿ ನಮ್ಮೂರಿನ ಹಿರಿಯ ಅಜ್ಜ. ಯಾವ ಹೋರಾಟವಿರಲಿ, ಮುಂದಿನ ಸೀಟು ಅವರದೇ. ಅರ್ಧ ದಾರಿಯಲ್ಲಿ ಮಳೆ ಹಿಡಿಯಿತು. ಗಾಜು ಪೂರ್ತಿ ಏರಿಸಿದ್ದರೂ ನೀರು ಅಂಚಿನಿಂದ ಇಳಿದು ಅಜ್ಜನ ಧೋತರದೊಳಗೆ ಹರಿಯತೊಡಗಿತು. ಅಜ್ಜ ಕೊಡೆ ತೆಗೆದು ಕಾರಿನೊಳಗೇ ಬಿಚ್ಚಿ ಕೂತರು.

ಸವದತ್ತಿಯ ಸರ್ಕಲ್ಲಿನಲ್ಲಿ ಪೊಲೀಸನೊಬ್ಬ ಕಾರು ನಿಲ್ಲಿಸಿ ಬಗ್ಗಿ ನೋಡಿದ.

"ಅಜ್ಜಾರ, ಕಾರಿನ ಒಳಗ ಯಾಕ ಕೊಡಿ ಹಿಡದೀರಿ?"

"ಹೊರಗ ಹಿಡದ್ರ ಗಾಳಿಗೆ ಹಾರತೈತಿ ತಮ್ಮಾ" ಎಂದರು ಅಜ್ಜ.

ಆತ ದಾರಿ ಬಿಟ್ಟ. ಆದರೆ ಕಚೇರಿಯಲ್ಲಿ ಎಂಜಿನಿಯರ್ ಸಾಹೇಬರು ಬಿಡಲಿಲ್ಲ. ನಾನು ಮೇಜು ಗುದ್ದಿ ಕಾಲುವೆಯ ಸೋರಿಕೆಯ ಬಗ್ಗೆ ಗುಡುಗುತ್ತಿದ್ದೆ. ನನ್ನ ಅಂಗಿಯಿಂದ ಅವರ ನೆಲದ ಮೇಲೆ ನೀರು ತೊಟ್ಟಿಕ್ಕುತ್ತಿತ್ತು. ಅವರು ಕಿಟಕಿಯಿಂದ ಕಾರನ್ನು ನೋಡಿದರು, ನನ್ನನ್ನು ನೋಡಿದರು.

"ಲೀಡರ, ಮೊದಲ ನಿಮ್ಮ ಕಾರಿನ ಸೋರಿಕಿ ಬಂದ್ ಮಾಡಸ್ರಿ. ಆಮ್ಯಾಲೆ ಕಾಲುವಿ ಮಾತಾಡೋಣು."

ಕಚೇರಿಯವರು ನಕ್ಕರು. ಅದು ಸರಿ, ಅವರಿಗೆ ನಗುವುದೂ ಕೆಲಸವೇ. ಆದರೆ ಬಸ್ಸಿನಲ್ಲಿ ಬಂದು ನನ್ನ ಹಿಂದೆ ನಿಂತ ನಮ್ಮೂರಿನವರೂ ನಕ್ಕರು. ಅಜ್ಜನಂತೂ ಕಣ್ಣು ಒರೆಸಿಕೊಂಡು ನಕ್ಕರು. ಹೋರಾಟಗಾರನ ಮೇಲೆ ಅವನ ಜನವೇ ನಕ್ಕರೆ ಅವನ ಕಥೆ ಮುಗಿಯಿತು. ಕಾರಿಗೆ ರಬ್ಬರು ಹಾಕಿಸದೆ ಈ ಕಚೇರಿಯ ಮೆಟ್ಟಿಲು ಹತ್ತುವುದಿಲ್ಲ ಎಂದು ಅಲ್ಲೇ ಶಪಥ ಮಾಡಿದೆ. ಶಪಥ ಕೇಳಿ ಎಲ್ಲರಿಗಿಂತ ಖುಷಿಯಾದವರು ಸಾಹೇಬರು.

ಕಿತ್ತೂರಿನ ಕಾರು

ಬೈಲಹೊಂಗಲದ ಸ್ಪೇರ್ ಪಾರ್ಟ್ಸ್ ಅಂಗಡಿಯವನು ನನ್ನ ಕಾರಿನ ಹೆಸರು ಕೇಳಿ, ತೀರಿಹೋದವರ ವಿಷಯ ಬಂದಂತೆ ಮುಖ ಸಣ್ಣ ಮಾಡಿದ.

"ಇದರ ರಬ್ಬರ್ ಈಗ ಎಲ್ಲಿ ಬರತೈತ್ರಿ? ಕಿತ್ತೂರಾಗ ಇಂಥಾದ್ದ ಒಂದು ಕಾರು ನಿಂತೈತಿ. ಹೋಗಿ ಕೇಳ್ರಿ."

ಹೋದೆ. ಮನೆಯ ಹಿತ್ತಲಲ್ಲಿ ಬೇವಿನ ಗಿಡದ ಕೆಳಗೆ ಕಾರು ನಿಂತಿತ್ತು. ಗಾಲಿ ಇರಲಿಲ್ಲ, ಎಂಜಿನ್ ಇರಲಿಲ್ಲ. ಆದರೆ ನೆರಳಿನಲ್ಲಿದ್ದ ಪುಣ್ಯಕ್ಕೆ ಕಿಟಕಿಯ ರಬ್ಬರು ಎಮ್ಮೆಯ ಮೈಯಂತೆ ಮಿರಿಮಿರಿ ಮಿಂಚುತ್ತಿತ್ತು. ನನಗೆ ಬಾಯಲ್ಲಿ ನೀರು ಬಂತು. ಒಳಗೆ ನೋಡಿದರೆ ಸೀಟಿನ ತುಂಬ ಕೋಳಿಗಳು. ಸ್ಟೇರಿಂಗ್ ಮೇಲೆ ಹುಂಜ.

ಮನೆಯ ಯಜಮಾನಿ ಹೊರಗೆ ಬಂದರು. ರಬ್ಬರು ಕೊಡಿ ಎಂದೆ.

"ರಬ್ಬರ್ ಕಿತ್ತರ ಒಳಗ ಗಾಳಿ ಹೊಗತೈತಿ. ನನ್ನ ಕೋಳಿಗೆ ಥಂಡಿ ಆಗತೈತಿ."

"ಅವ್ವಾರ, ಓಡಾಡೋ ಕಾರಿಗೆ ಬೇಕಾಗೇತ್ರಿ. ನಿಮ್ಮ ಕಾರು ಸುಮ್ಮನ ನಿಂತೈತಿ."

"ಸುಮ್ಮನ ಅಂತ ಯಾರ ಹೇಳಿದ್ರು?" ಎಂದು ಆಕೆ ಸೊಂಟಕ್ಕೆ ಕೈ ಇಟ್ಟರು. "ನನ್ನ ಕಾರು ದಿನಾ ತತ್ತಿ ಕೊಡತೈತಿ. ನಿಮ್ಮ ಕಾರು ಊರೂರು ತಿರಗಿ ಏನ್ ಕೊಟ್ಟೈತಿ?"

ಇಷ್ಟು ವರ್ಷದ ಹೋರಾಟದಲ್ಲಿ ಅಷ್ಟು ಕಠಿಣ ಪ್ರಶ್ನೆಯನ್ನು ನನಗೆ ಯಾವ ವಿರೋಧಿಯೂ ಕೇಳಿರಲಿಲ್ಲ.

ಬೆಲ್ಲ–ಸುಣ್ಣ

ಕಾಲುವೆ ಮುಗಿಯುವಲ್ಲಿ, ಊರೆಲ್ಲ ಆಯಿ ಎಂದು ಕರೆಯುವ ಮುದುಕಿಯ ಹೊಲವಿದೆ. ಕೊನೆಯ ಊರಿನ ಕೊನೆಯ ಹೊಲ. ನೀರು ಅಲ್ಲಿಗೆ ಬರುವುದು ಇರಲಿ, ನೀರಿನ ಲೆಕ್ಕದಲ್ಲೂ ಆ ಹೊಲ ಬರುವುದಿಲ್ಲ. ನಮ್ಮ ಧರಣಿಗಳಲ್ಲಿ ಎಲ್ಲರಿಗಿಂತ ಮೊದಲು ಬಂದು ಕೂಡುವವಳು ಆಯಿಯೇ. ನಾನು ಕಿತ್ತೂರಿನಿಂದ ಬರಿಗೈಲಿ ಬಂದದ್ದು ಕೇಳಿ ಆಕೆ ಕೈ ಬೀಸಿದಳು.

"ರಬ್ಬರ್ ಯಾಕ ಬೇಕೋ ಎಪ್ಪಾ? ಬಿರಕ ಬಿಟ್ಟ ಮಣ್ಣಿನ ಹರವಿಗೆ ನಮ್ಮವ್ವ ಬೆಲ್ಲ ಸುಣ್ಣಾ ಕಲಸಿ ಬಡೀತಿದ್ಲು. ಇನ್ನೂ ಒಂದು ಹನಿ ಸೋರೂದಿಲ್ಲ."

ಬೇಡ ಎನ್ನುವುದರೊಳಗೆ ಬಟ್ಟಲು ತಂದಳು. ನಾಲ್ಕೂ ಕಿಟಕಿಗೆ ತನ್ನ ಕೈಯಾರೆ ಮೆತ್ತಿದಳು. ಒಣಗಿದ ಮೇಲೆ ನಿಜಕ್ಕೂ ಕಲ್ಲಾಯಿತು. ಒಂದು ಕೊಡ ನೀರು ಸುರಿದು ನೋಡಿದೆವು. ಹನಿ ಇಳಿಯಲಿಲ್ಲ. ನಾನು ಆಯಿಯ ಕಾಲು ಮುಟ್ಟಿದೆ.

ಮರುದಿನ ಬೈಲಹೊಂಗಲದಲ್ಲಿ ಸಭೆ. ಕಾರನ್ನು ಗಿಡದ ನೆರಳಿಗೆ ನಿಲ್ಲಿಸಿ, ನನ್ನ ಪಾಳಿ ಬರುವವರೆಗೆ ಒಳಗೇ ಕಣ್ಣು ಮುಚ್ಚಿ ಕೂತೆ. ಆ ಗಿಡದ ಕೆಂಜಿಗ ಇರುವೆಗಳ ಕುಲವೆಲ್ಲ ಬೆಲ್ಲದ ವಾಸನೆ ಹಿಡಿದು ಕಾರಿಗೆ ಬಂದದ್ದು ನನಗೆ ತಿಳಿಯಲಿಲ್ಲ. ತಿಳಿದದ್ದು ವೇದಿಕೆಯ ಮೇಲೆ, ಮೈಕು ಹಿಡಿದ ಮೇಲೆ.

"ಇನ್ನು ನಾವು ಸುಮ್ಮನಿರುವುದಿಲ್ಲ!" ಎಂದೆ. ಹೇಳಿ ಮುಗಿಸುವುದರೊಳಗೆ ತೊಡೆ ಚುರ್ ಎಂದಿತು. ತೊಡೆ ತಟ್ಟಿದೆ. ಜನ ಚಪ್ಪಾಳೆ ಹೊಡೆದರು. ಬೆನ್ನಿಗೆ ಕಚ್ಚಿತು, ಹಾರಿದೆ. ಸೀಟಿ ಬಿತ್ತು. ಕಂಕುಳಿಗೆ ಕಚ್ಚಿತು, ಮುಷ್ಟಿ ಎತ್ತಿ ಚೀರಿದೆ. ಇಡೀ ಸಭೆ ಎದ್ದು ನಿಂತು ಜೈಕಾರ ಹಾಕಿತು.

ಕೆಳಗೆ ಇಳಿದಾಗ ಅಜ್ಜ ನನ್ನ ಕೈ ಹಿಡಿದರು. "ಇಷ್ಟ ದಿನದಾಗ ಇವತ್ತ ಭಾಷಣ ಅಂದ್ರ ಭಾಷಣ ಮಾಡಿದಿ ತಮ್ಮಾ!"

ಕೆಂಜಿಗ ಕಚ್ಚಿದ್ದು ಎಂದು ಹೇಳಿದೆ. ಅಜ್ಜ ನನ್ನ ಕೊರಳ ಮೇಲಿದ್ದ ಕೆಂಜಿಗವೊಂದನ್ನು ಕೊಡವಿದರು.

"ಹಂಗಾರ ಒಂದ್ ದಿನ ಎಂಜಿನಿಯರ್ ಸಾಹೇಬ್ರನ್ನೂ ಈ ಕಾರಿನಾಗ ಕುಂದ್ರಸು. ಅವ್ರೂ ಒಂದೀಟ ಜಿಗದಾಡಲಿ."

ಸಿಳ್ಳೆ

ಬೆಲ್ಲ ಕೆರೆದು ತೆಗೆದು, ಸೈಕಲ್ ಟ್ಯೂಬು ಸೀಳಿ ನಾನೇ ಸಂದಿಗೆ ತುರುಕಿದೆ. ಮುಂದಿನ ಕಿಟಕಿಯಲ್ಲಿ ಒಂದು ಕಿರಿದಾದ ಸಂದಿ ಉಳಿಯಿತು. ಕಾರು ಜೋರು ಹಿಡಿದರೆ ಗಾಳಿ ಅದರಲ್ಲಿ ಹೊಕ್ಕು ಕುರುಬರ ಸಿಳ್ಳೆಯಂತೆ ಉದ್ದಕ್ಕೆ ಕೂಗುತ್ತಿತ್ತು.

ಸಿರಸಂಗಿಯ ಹತ್ತಿರ ರಸ್ತೆಯ ಬದಿಗೆ ಕುರಿ ಹಿಂಡು ಮೇಯುತ್ತಿತ್ತು. ನಾನು ಸಿಳ್ಳೆ ಹೊಡೆಸುತ್ತ ದಾಟಿದೆ. ಮುಂದೆ ಎತ್ತಿನ ಬಂಡಿ ಅಡ್ಡ ಬಂತೆಂದು ಕಾರು ನಿಲ್ಲಿಸಿ ಕನ್ನಡಿ ನೋಡಿದರೆ, ಹಿಂದೆ ರಸ್ತೆಯ ತುಂಬ ಕುರಿ! ಎಲ್ಲವೂ ತಲೆ ತಗ್ಗಿಸಿ, ಶಿಸ್ತಿನಿಂದ ನನ್ನ ಹಿಂದೆ ನಡೆದು ಬರುತ್ತಿವೆ. ಅವುಗಳ ಹಿಂದೆ ಕುರುಬ ಕಂಬಳಿ ಜಾರಿಸಿಕೊಂಡು ಓಡಿ ಬಂದ.

"ಲೀಡರ್ ಆದ್ರ ಮಂದೀನ್ನ ಹಿಂದ ಹಚಗೊಂಡ ಹೋಗ್ರಿ. ನನ್ನ ಕುರಿ ಏನ್ ಮಾಡ್ಯಾವ?"

ನಮ್ಮ ಯಾವ ಮೆರವಣಿಗೆಗೂ ಅಷ್ಟು ಮಂದಿ ಬಂದಿರಲಿಲ್ಲ. ಬಂದವರೂ ಇಷ್ಟು ನೆಟ್ಟಗೆ ನಡೆದಿರಲಿಲ್ಲ.

ನಾಳೆ

ಕೊನೆಗೆ ಹೋದದ್ದು ಬೈಲಹೊಂಗಲದ ಪಂಕ್ಚರ್ ಅಂಗಡಿಗೆ. ಅಂಗಡಿಯವನು ಟ್ರ್ಯಾಕ್ಟರ್ ಟ್ಯೂಬು ಪಟ್ಟಿ ಪಟ್ಟಿಯಾಗಿ ಕತ್ತರಿಸಿ, ಡಬ್ಬಿಗಟ್ಟಲೆ ಸಲ್ಯೂಷನ್ ಬಳಿದು, ಗಾಜಿನ ಸುತ್ತ, ಬಾಗಿಲಿನ ಸುತ್ತ, ಒಂದು ಸಂದಿ ಬಿಡದೆ ಅಂಟಿಸಿದ. ಕೆಲಸ ಮುಗಿಸಿ ಹೇಳಿದ:

"ಹಸಿ ಐತ್ರಿ. ಬಾಗಲಾ ತಗದ ಇಡ್ರಿ. ನಾಳೆ ಒಯ್ರಿ."

ಆ ಶಬ್ದ ಬರಬಾರದಿತ್ತು. ಅಂದೇ ಎಂಜಿನಿಯರ್ ಸಾಹೇಬರು ನಮ್ಮೂರಿಗೆ ಕಾಲುವೆ ನೋಡಲು ಬರುವವರಿದ್ದರು. ಮೆಟ್ಟಿಲು ಹತ್ತದೆ, ಎಷ್ಟು ಸಲ ಕಚೇರಿಯ ಮುಂದಿನ ರಸ್ತೆಯಲ್ಲೇ ಕೂತು, ಕೂಗಿ, ಗಂಟಲು ಹರಿದುಕೊಂಡು ಗೊತ್ತು ಮಾಡಿದ ಭೇಟಿ ಅದು.

"ನಾಳೆ? ನೀನೂ ನಾಳೆ ಅನ್ನಾಕತ್ತಿ? ಜೀವಮಾನ ಪೂರಾ ನಾಳೆ ಅನ್ನವ್ರ ಜೋಡಿ ಬಡದಾಡೇನಿ. ನನ್ನ ಮುಂದ ಆ ಮಾತ ಆಡಬ್ಯಾಡ!"

ನಾಲ್ಕೂ ಬಾಗಿಲು ಧಡ್ ಧಡ್ ಎಂದು ಹಾಕಿ ಹೊರಟೆ.

ಚಚಡಿಯ ಹತ್ತಿರ ಸಾಹೇಬರ ಜೀಪು ಕೆಟ್ಟು ನಿಂತಿತ್ತು. ಅವರು ಬಿಸಿಲಲ್ಲಿ ಕರವಸ್ತ್ರ ತಲೆಗೆ ಹಾಕಿಕೊಂಡು ನಿಂತಿದ್ದರು. ನನ್ನ ಕಾರು ಕಂಡು ಮುಖ ತಿರುಗಿಸಿದರು, ಬಿಸಿಲು ನೋಡಿ ಮತ್ತೆ ಈ ಕಡೆ ತಿರುಗಿಸಿದರು. ಹಸಿ ಬಾಗಿಲು ಚರ್ ಎಂದು ಬಿಟ್ಟುಕೊಂಡಿತು. ಹತ್ತಿ ಕೂತು ಎಳೆದುಕೊಂಡರು.

"ರಬ್ಬರ್ ಹಾಕಿಸಿದಂಗ ಐತಿ?"

"ಹಾಕಸೇನ್ರಿ. ಒಂದು ಹನಿ ಸೋರೂದಿಲ್ಲ. ಇನ್ನ ಕಾಲುವಿ ಮಾತಾಡೋಣು" ಎಂದೆ. ಆ ಮಾತಿಗಾಗಿ ಎಷ್ಟು ಅಲೆದಿದ್ದೆ!

ಹಾದಿಯ ಧೂಳು ಬಾರದಿರಲೆಂದು ಗಾಜು ಏರಿಸಿಯೇ ಇಟ್ಟೆವು. ಮೇಲೆ ಬಿಸಿಲು, ಒಳಗೆ ಹಸಿ ಸಲ್ಯೂಷನ್. ಊರಿನ ಕಾಲುವೆಯ ದಂಡೆಗೆ ಹೋಗಿ ನಿಂತೆವು. ಆಯಿ, ಅಜ್ಜ, ಊರಿನವರೆಲ್ಲ ಕಾಯುತ್ತಿದ್ದರು. ಸಾಹೇಬರು ಬಾಗಿಲು ನೂಕಿದರು. ಬರಲಿಲ್ಲ. ನನ್ನ ಕಡೆಯದು ನಾನು ನೂಕಿದೆ. ಅದೂ ಬರಲಿಲ್ಲ. ಹಿಂದಿನವೆರಡೂ ಗೋಡೆಯಾಗಿದ್ದವು. ಅವರು ಗಾಜು ಇಳಿಸಲು ಹಿಡಿಕೆ ತಿರುಗಿಸಿದರು. ಗಾಜು ಒಂದು ಗೇಣು ಇಳಿದು ಅಲ್ಲೇ ಕಚ್ಚಿಕೊಂಡಿತು. ಹಿಡಿಕೆ ಸಾಹೇಬರ ಕೈಗೆ ಬಂತು.

ಹೊರಗಿನವರು ಪಾಪ, ಎಳೆದರು. ಅಜ್ಜ ಕಾರಿಗೆ ಕಾಲು ಕೊಟ್ಟು ಎಳೆದರು. ಕಾರೇ ಅಲುಗಾಡಿತು, ಬಾಗಿಲು ಅಲುಗಲಿಲ್ಲ.

"ಇದು ಘೇರಾವ್ ಏನ್ರಿ?" ಎಂದರು ಸಾಹೇಬರು ಬೆವರು ಒರೆಸುತ್ತ.

"ಘೇರಾವ್ ಆದ್ರ ನಾನ್ಯಾಕ ಒಳಗ ಇರತಿದ್ನಿ ಸಾಹೇಬ್ರ?"

ಊರಿಗೆ ಬಂದವರು ಹಸಿದು ಕೂಡಬಾರದೆಂದು ಆಯಿ ಕಡಲೆಹಿಟ್ಟಿನ ಜುಣಕ ಸುತ್ತಿದ ರೊಟ್ಟಿಯನ್ನು ಆ ಗೇಣು ಸಂದಿಯಿಂದ ಒಳಗೆ ಕೊಟ್ಟಳು. ಸಾಹೇಬರು ತಿಂದರು. ಆಮೇಲೆ ಆಯಿ ಸಂದಿಗೆ ಬಾಯಿಟ್ಟು ಕೇಳಿದಳು:

"ಸಾಹೇಬ್ರ, ನನ್ನ ಹೊಲಕ್ಕ ನೀರು ಯಾವಾಗ ಬರತೈತಿ?"

ಬಾಯಲ್ಲಿ ರೊಟ್ಟಿ ಇದ್ದರೂ ರೂಢಿಯ ಮಾತು ತಾನಾಗಿ ಬಂತು. "ನಾಳೆ ನೋಡೋಣು ಯವ್ವಾ."

ಆಯಿ ಹಿಂದಕ್ಕೆ ಸರಿದು, ಬಾಗಿಲು ಎಳೆಯುತ್ತಿದ್ದವರ ಕಡೆ ತಿರುಗಿದಳು.

"ಬಿಡ್ರೆಪಾ, ದಣಕೋಬ್ಯಾಡ್ರಿ. ಬಾಗಲಾನೂ ನಾಳೆ ನೋಡೋಣು."

ಎಲ್ಲರೂ ಕೈ ಬಿಟ್ಟರು. ದಂಡೆಯ ಮೇಲೆ ಸಾಲಾಗಿ ಕೂತು ಎಲೆ ಅಡಿಕೆ ಹಾಕತೊಡಗಿದರು. ಸಾಹೇಬರು ನನ್ನ ಮುಖ ನೋಡಿದರು. ನನ್ನ ಕೈಯಲ್ಲಿ ಏನಿತ್ತು? ನಾನೂ ಒಳಗೇ ಇದ್ದೆ. ಕೊನೆಗೆ ಫೋನು ತೆಗೆದು ಕಾಲುವೆಯ ಗೇಟಿನವನ ಮೇಲೆ ಚೀರಿದರು: "ಮ್ಯಾಲಿನ ಗೇಟ್ ಪೂರಾ ಎತ್ತೋ! ನಾಳೆ ಅಲ್ಲೋ, ಈಗ! ಈಗಿಂದೀಗ!"

ಆ 'ಈಗ' ಎಂಬ ಶಬ್ದವನ್ನು ನೀರಾವರಿ ಇಲಾಖೆಯವರ ಬಾಯಲ್ಲಿ ನಾನು ಕೇಳಿದ್ದು ಅದೇ ಮೊದಲು. ಕಣ್ಣಲ್ಲಿ ನೀರು ಬಂತು. ಸಲ್ಯೂಷನ್ ವಾಸನೆಗೂ ಇರಬಹುದು.

ಬಿಸಿಲು ಇಳಿಯುವ ಹೊತ್ತಿಗೆ ಕಾಲುವೆಯ ತಿರುವಿನಲ್ಲಿ ಕಸಕಡ್ಡಿ ನೂಕುತ್ತ ಕೆಂಪು ನೀರು ಬಂತು. ದಾರಿಯುದ್ದಕ್ಕೂ ಸೋರಿಯೂ ಬಂತು. ಆಯಿ ಸೆರಗು ಸಿಕ್ಕಿಸಿ ಓಡಿದಳು. ಸಲಿಕೆ ಹಿಡಿದು ಅಜ್ಜ ಓಡಿದರು. ಹರಿಯುವ ನೀರು ಯಾರಿಗೂ ಕಾಯುವುದಿಲ್ಲ. ಕಣ್ಣು ಮುಚ್ಚಿ ತೆಗೆಯುವುದರೊಳಗೆ ಊರಿಗೆ ಊರೇ ಹೊಲಕ್ಕೆ ಹೋಗಿ, ದಂಡೆಯ ಮೇಲೆ ಕಾರು, ಕಾರಿನಲ್ಲಿ ನಾವಿಬ್ಬರು ಉಳಿದೆವು.

ಸಾಹೇಬರು ಡ್ರೈವರನಿಗೆ ಫೋನು ಮಾಡಿದರು. ಜೀಪು ಇನ್ನೂ ಚಚಡಿಯಲ್ಲೇ ಇತ್ತು. ಆಮೇಲೆ ರಬ್ಬರಿನ ಮೇಲೆ ನಿಧಾನಕ್ಕೆ ಬೆರಳಾಡಿಸಿದರು.

"ಪಕ್ಕಾ ಕೆಲಸ. ಹನಿ ಸೋರೂದಿಲ್ಲ ಬಿಡ್ರಿ" ಎಂದರು. ಸೋತ ದನಿಯಲ್ಲಿ ಕೇಳಿದರು: "ಲೀಡರ, ನಿಮ್ಮ ಮಂದಿ ಹೊಳ್ಳಿ ಯಾವಾಗ ಬರತಾರ?"

ನಾನು ಸೀಟಿಗೆ ತಲೆ ಒರಗಿಸಿ ಕಣ್ಣು ಮುಚ್ಚಿದೆ. ನಮ್ಮ ಮಂದಿ ನನಗೆ ಗೊತ್ತಿಲ್ಲವೇ?

"ನಾಳೆ" ಎಂದೆ.