ಪ್ರಫುಲ್ಲಾ ಕೊಂಚಾಡಿಯ ಧೂಳಿದಿಗ್ವಿಜಯ

ಕೇಳಿರಿ ಸಹೃದಯರೇ, ಮನುಷ್ಯರು ಮೋಡಗಳಿಗಿಂತ ಮೇಲೆ ಕಣ್ಣುಗಳನ್ನು ತೂಗುಹಾಕಿ, ತಮ್ಮದೇ ಅಂಗಳಕ್ಕೆ ಬಿಸಿಲು ಬಿದ್ದಿದೆಯೇ ಎಂಬುದನ್ನೂ ಪರದೆಯಲ್ಲಿ ನೋಡಿಯೇ ನಂಬುತ್ತಿದ್ದ ಈ ಮಹಾಯುಗದಲ್ಲಿ, ಮಂಗಳೂರಿನ ಕಡಲಬದಿಯ ಗುಡ್ಡದ ಮೇಲೆ ವಾಯುಮಾಪನ ಕೇಂದ್ರವೆಂಬ ಎರಡಂತಸ್ತಿನ ದುರ್ಗವೊಂದರಲ್ಲಿ, ಉಪಗ್ರಹಚಿತ್ರವಾಚನವಿಶಾರದೆಯೂ ಧೂಳಿಕಣಾನ್ವೇಷಣೈಕವ್ರತಧಾರಿಣಿಯೂ ಎರಡು ಕನ್ನಡಕಗಳ ಒಡತಿಯೂ ಆದ ಡಾ. ಪ್ರಫುಲ್ಲಾ ಕೊಂಚಾಡಿ ಎಂಬ ವೀರಾಗ್ರಣಿ ಇದ್ದಳು.

ಅರಬ್ಬೀ ಮರುಭೂಮಿಯ ಧೂಳು ಸಮುದ್ರವನ್ನು ದಾಟಿ ಬಂದು ಈ ಗುಡ್ಡದ ಮೇಲೆಯೇ ಉದುರುತ್ತದೆ ಎಂದು ಸಾಧಿಸಿ ತೋರಿಸುವುದು ಅವಳ ಪ್ರತಿಜ್ಞೆ. ಅದನ್ನು ಸೆರೆಹಿಡಿಯಲು ತಾರಸಿಯಲ್ಲಿ ಎಣ್ಣೆ ಸವರಿದ ಒಂದು ಗಾಜಿನ ಫಲಕವನ್ನು ಸ್ಥಾಪಿಸಿದ್ದಳು. ನಾಲ್ಕು ವರ್ಷಗಳಲ್ಲಿ ಮೂರು ಬಾರಿ ಧೂಳಿನ ಸೇನೆ ತೀರದತ್ತ ನುಗ್ಗಿದ್ದನ್ನು ಉಪಗ್ರಹ ತೋರಿಸಿತ್ತು. ಮೂರು ಬಾರಿಯೂ ಫಲಕ ಫಳಫಳ ಹೊಳೆಯುತ್ತಿತ್ತು. ದಯಾಳುವಾದರೂ ದಯೆಗೊಂದು ಮಿತಿಯಿಟ್ಟುಕೊಂಡಿದ್ದ ಮುಖ್ಯಸ್ಥರು ಕೊನೆಗೆ, "ಈ ಸಲವೂ ಬೀಳದಿದ್ದರೆ ಗಾಜು ಇಳಿಸುವಾ ಮೇಡಂ, ಪ್ರಾಜೆಕ್ಟನ್ನೂ ನಿಲ್ಲಿಸುವಾ. ಆ ಜಾಗ ಗುಲಾಬಿಯಕ್ಕನ ಹಪ್ಪಳಕ್ಕಾದರೂ ಆಗ್ತದೆ" ಎಂದಿದ್ದರು. ಗುಲಾಬಿಯಕ್ಕ ಕ್ಯಾಂಟೀನಿನ ಒಡತಿ. ಪ್ರತಿ ಮೇ ತಿಂಗಳು ತಾರಸಿಯ ಮುಕ್ಕಾಲು ಭಾಗ ಅವಳ ಹಲಸಿನ ಹಪ್ಪಳದ ಚಾಪೆಗಳ ಸಾಮ್ರಾಜ್ಯ.

ಹೀಗಿರಲು ಒಂದು ಸೋಮವಾರ ಮರುಭೂಮಿಯಲ್ಲಿ ಬಿರುಗಾಳಿಯೆದ್ದಿತು. ಪ್ರಫುಲ್ಲೆಯ ಪರದೆಯ ಮೇಲೆ ನಸುಗೆಂಪು ಅಲೆಯೊಂದು ಮಂಗಳವಾರ ಒಮಾನಿನ ದಡವನ್ನು ಬಿಟ್ಟು, ಬುಧವಾರ ನಡುಗಡಲಿಗೆ ಬಂದಿತು. ಆಗ ಪಕ್ಕದ ಮೇಜಿನ ಹವಾಮಾನಾಧಿಕಾರಿ, ಸಮುದ್ರಾಭಿಮಾನಮದೋನ್ಮತ್ತನಾದ ಲೋಕಯ್ಯ ಸಾಲ್ಯಾನ್, ತನ್ನ ಪಿತೃಪಿತಾಮಹರು ಬಲೆ ಬೀಸಿದ ರತ್ನಾಕರನು ಪರದೇಶದ ರಜಸ್ಸಿಗೆ ದಾರಿ ಬಿಡುವವನಲ್ಲವೆಂದೂ, ಒಂದೇ ಒಂದು ಕಣ ದಡ ಸೇರಿದರೆ ತಾನು ಮೀಸೆ ಬೋಳಿಸುವೆನೆಂದೂ ಘರ್ಜಿಸಿದನು. ಅಂದರೆ ಅವನು ನಿಜಕ್ಕೂ ಆಡಿದ್ದು ಇಷ್ಟು:

"ಎಲ್ಲ ಕಡಲಿಗೇ ಬೀಳುದು ಮೇಡಂ. ಬಂದರೆ ನನ್ನ ಮೀಸೆ ತೆಗೀತೇನೆ."

ತ್ರಿಭುವನವೂ ತನ್ನ ಮಾತಿಗೆ ಕಿವಿಗೊಟ್ಟಿದೆಯೆಂಬ ಗಾಂಭೀರ್ಯದಿಂದ ಪ್ರಫುಲ್ಲೆ ಉತ್ತರಿಸಿದಳು: "ಬ್ಲೇಡು ತಂದಿಡಿ."

ಗುರುವಾರ ಬಂದಿತು. ಕಾಗೆಗಳೆಂಬ ಕೃಷ್ಣಪಕ್ಷರಾಕ್ಷಸರಿಂದ ಫಲಕವನ್ನು ಕಾಯುವ ಹೊಣೆಯನ್ನು, ಹೇಗೂ ಹಪ್ಪಳ ಕಾಯಲು ಕೋಲು ಹಿಡಿದು ಕುಳಿತಿದ್ದ ಗುಲಾಬಿಯಕ್ಕನಿಗೇ ಒಪ್ಪಿಸಿ, "ಜಾಗ್ರತೆ ನೋಡಿಕೊಳ್ಳಿ ಅಕ್ಕ" ಎಂದು ಹೇಳಿ ನಮ್ಮ ವೀರೆ ಪರದೆಯ ಮುಂದೆ ಕುಳಿತಳು. ಹತ್ತು ಗಂಟೆಗೆ ಅಲೆ ತೀರವನ್ನು ಮುಟ್ಟಿತು. ಹನ್ನೊಂದಕ್ಕೆ ಗುಡ್ಡವನ್ನು ನುಂಗಿತು. ಕಿಟಕಿಯಾಚೆ ಆಕಾಶ ಗೋಧಿಹಿಟ್ಟಿನ ಬಣ್ಣಕ್ಕೆ ತಿರುಗಿತ್ತು, ಆದರೆ ಕಿಟಕಿಯತ್ತ ನೋಡುವುದು ಅವಳ ಶಾಸ್ತ್ರದಲ್ಲಿ ಇರಲಿಲ್ಲ. ಹನ್ನೆರಡಕ್ಕೆ ಉಪಗ್ರಹ ಕಳಿಸಿದ ಹೊಸ ಚಿತ್ರವನ್ನು ಕಣ್ತುಂಬ ನೋಡಿದ ಮೇಲೆಯೇ ಅವಳು ಮೆಟ್ಟಿಲುಗಳನ್ನು ಎರಡೆರಡಾಗಿ ಹಾರಿ ತಾರಸಿಗೆ ಏರಿದ್ದು.

ಫಲಕ ಫಳಫಳ ಹೊಳೆಯುತ್ತಿತ್ತು.

ನಾಲ್ಕು ವರ್ಷಗಳು ಆ ಒಂದು ಹೊಳಪಿನಲ್ಲಿ ಮುಗಿದುಹೋದವು.

"ಎಂತದೋ ಹಾಳು ಧೂಳು ಮೇಡಂ ಇವತ್ತು" ಎಂದಳು ಗುಲಾಬಿಯಕ್ಕ, ಸೆರಗಿನಿಂದ ಕೈ ಒರೆಸಿಕೊಳ್ಳುತ್ತ. "ನೀವು ಜಾಗ್ರತೆ ಅಂದಿದ್ರಲ್ಲ, ಮೂರು ಸಲ ಗಾಜು ಒರೆಸಿದೆ. ಎಣ್ಣೆ ಹೋಗ್ತದೆ ಅಂತ ಪುನಃ ತೆಂಗಿನೆಣ್ಣೆ ಹಚ್ಚಿ ಇಟ್ಟಿದ್ದೇನೆ."

ಪ್ರಫುಲ್ಲೆ ಫಲಕದಿಂದ ತಲೆಯೆತ್ತಿ ಕೇಳಿದಳು: "ಹಿಂದೆಯೂ ಒರೆಸಿದ್ದಿರಾ?"

"ಮತ್ತೆ? ಪ್ರತಿ ವರ್ಷ. ನಾನಲ್ಲದೆ ಯಾರು ಒರೆಸ್ತಾರೆ ಇಲ್ಲಿ?"

ಅಳಬೇಕೋ ನಗಬೇಕೋ ತಿಳಿಯದೆ ವೀರಾಗ್ರಣಿ ನೀರಿನ ಟ್ಯಾಂಕಿಗೆ ಒರಗಿದಳು. ಅಷ್ಟರಲ್ಲಿ ಟ್ಯಾಂಕಿನ ಹಿಂದಿನಿಂದ ಥೂ ಥೂ ಎಂಬ ಸದ್ದು ಕೇಳಿತು. ಅರೆ ಒಣಗಿದ ಹಲಸಿನ ಹಪ್ಪಳವನ್ನು ಚಾಪೆಯಿಂದ ಕದ್ದು ಹಸಿಯಾಗಿಯೇ ತಿನ್ನುವುದರಲ್ಲಿ ಆ ದುರ್ಗದಲ್ಲೇ ಅಪ್ರತಿಮನೆನಿಸಿದ್ದ ಲೋಕಯ್ಯ ಸಾಲ್ಯಾನ್, ಅರ್ಧ ಹಪ್ಪಳ ಹಿಡಿದು, ಮರಳು ಜಗಿದವನಂತೆ ಮುಖ ಕಿವುಚುತ್ತ ಹೊರಬಂದನು.

"ಎಂತ ಗುಲಾಬಿಯಕ್ಕ, ಹಪ್ಪಳದಲ್ಲಿ ಹೊಯ್ಗೆ? ಹಲ್ಲಿಗೆ ಕರಕರ ಆಗ್ತದೆ."

ಪ್ರಫುಲ್ಲೆ ಆ ಅರ್ಧ ಹಪ್ಪಳವನ್ನು ಅವನ ಕೈಯಿಂದ ಕಿತ್ತುಕೊಂಡು ಓಡಿದಳು. ಸೂಕ್ಷ್ಮದರ್ಶಕದ ಅಡಿಯಲ್ಲಿ, ಊರಿನ ಇಟ್ಟಿಗೆಗೆಂಪು ಮಣ್ಣಿಗೆ ನೆಂಟಸ್ತಿಕೆಯೇ ಇಲ್ಲದ, ನಸುಹಳದಿಯ ನುಣ್ಣನೆಯ ಕಣಗಳು ಹಲಸಿನ ಅಂಟಿನಲ್ಲಿ ಸಾಲುಸಾಲಾಗಿ ಕುಳಿತಿದ್ದವು. ಎರಡು ಸಾವಿರ ಕಿಲೋಮೀಟರಿಗೂ ಹೆಚ್ಚು ಕಡಲನ್ನು ದಾಟಿ ಬಂದ ಸೇನೆಗೆ ಕೊನೆಗೆ ಆಶ್ರಯ ಕೊಟ್ಟದ್ದು ಹಪ್ಪಳ. ಅವಳು ಕುರ್ಚಿಯ ಮೇಲೆಯೇ ಒಂದು ಸುತ್ತು ತಿರುಗಿದಳು. ಇಷ್ಟು ಖುಷಿ ಅವಳಿಗೆ ಡಾಕ್ಟರೇಟ್ ಬಂದ ದಿನವೂ ಆಗಿರಲಿಲ್ಲ.

ಮುಖ್ಯಸ್ಥರು ಬಂದು ನೋಡಿದರು, ಇನ್ನೊಮ್ಮೆ ನೋಡಿದರು, "ಪ್ರಾಜೆಕ್ಟ್ ಇರಲಿ" ಎಂದರು. ಸಾಲ್ಯಾನ್ ಮೀಸೆಯನ್ನು ಮುಚ್ಚಿಕೊಂಡು ಕೆಳಗಿಳಿದನು.

ಗುಲಾಬಿಯಕ್ಕನ ಮುಖ ಮಾತ್ರ ಊದಿಕೊಂಡಿತ್ತು. "ಇಪ್ಪತ್ತು ವರ್ಷದಿಂದ ಹಪ್ಪಳ ಮಾಡ್ತಿದ್ದೇನೆ. ಹೊಯ್ಗೆ ಉಂಟು ಅಂತ ಒಬ್ಬರು ಹೇಳಿಲ್ಲ. ಅದನ್ನು ಸರಿಯಾಗಿ ಬರೀಬೇಕು ಮೇಡಂ, ಇಲ್ಲದಿದ್ದರೆ ನಾಳೆಯಿಂದ ಚಾ ಇಲ್ಲ."

ಆಗ ಡಾ. ಪ್ರಫುಲ್ಲಾ ಕೊಂಚಾಡಿ ಕೇಂದ್ರದ ದಾಖಲೆ ಪುಸ್ತಕವನ್ನು ತೆರೆದು, ಲೇಖನಿಯನ್ನು ಖಡ್ಗದಂತೆ ಎತ್ತಿ, ನಾಲ್ಕು ವರ್ಷಗಳ ತಪಸ್ಸಿನ ಫಲವನ್ನು ಬರೆದಳು: "ಮಾದರಿ: ಹಲಸಿನ ಹಪ್ಪಳ, ಒಂದು, ಅರ್ಧ ತಿಂದದ್ದು. ನಿರ್ಣಯ: ಹೊಯ್ಗೆ ಗುಲಾಬಿಯಕ್ಕನದ್ದಲ್ಲ."