ಕುರಿಚರ್ಮದ ಚಪ್ಪಲಿಯೂ ಮನೆಯ ಅತ್ಯಂತ ಒಣ ಜಾಗವೂ

ಎಲ್ಲವನ್ನೂ ಅನುಮಾನಿಸಬೇಕು ಎಂಬುದೊಂದನ್ನು ವಿಶ್ವವಿದ್ಯಾನಿಲಯ ನನಗೆ ಚೆನ್ನಾಗಿ ಕಲಿಸಿತು. ರಸಾಯನಶಾಸ್ತ್ರದ ಎಂ.ಎಸ್ಸಿ. ಮಾಡಿ, ನಿವೃತ್ತನಾಗುವವರೆಗೆ ಅದನ್ನೇ ಪಾಠ ಮಾಡಿದವನು ನಾನು. ಹಾಲಿನವನ ಹಾಲು, ಜ್ಯೋತಿಷಿಯ ಮಾತು, ಹವಾಮಾನ ವರದಿ, ಯಾವುದನ್ನೂ ಪರೀಕ್ಷಿಸದೆ ಒಪ್ಪಿದವನಲ್ಲ. ಅನುಮಾನಿಸದೆ ಬಿಟ್ಟದ್ದು ನನ್ನ ನೆನಪನ್ನು ಮಾತ್ರ. ಈ ಮಳೆಗಾಲದಲ್ಲಿ ಅದಕ್ಕೂ ಕುತ್ತು ಬಂತು.

ಶುರುವಾದದ್ದು ಹಿಮ್ಮಡಿಯ ನೋವಿನಿಂದ. ಉಡುಪಿ ಕಡಿಯಾಳಿಯ ನಮ್ಮ ಮನೆಗೆ ಹಟ ಹಿಡಿದು ಗ್ರಾನೈಟ್ ಹಾಕಿಸಿದವನು ನಾನೇ ಆದ್ದರಿಂದ ನೆಲವನ್ನು ಬೈಯುವಂತಿರಲಿಲ್ಲ. ಮನೆಯೊಳಗೂ ಮೆತ್ತನೆಯದೇನಾದರೂ ಹಾಕಿಕೊಳ್ಳಿ ಎಂದರು ಡಾಕ್ಟರು. ಮಣಿಪಾಲದ ಅಂಗಡಿಯೊಂದರಲ್ಲಿ ಕುರಿಚರ್ಮದ ಚಪ್ಪಲಿ ಸಿಕ್ಕಿತು. ಒಳಗೆಲ್ಲ ಬೆಳ್ಳಗಿನ ಉಣ್ಣೆ. ಬೆರಳಿನಿಂದ ಉಣ್ಣೆ ಬಿಡಿಸಿ ಬುಡ ನೋಡಿದೆ. ಚರ್ಮದಿಂದಲೇ ಹುಟ್ಟಿದ್ದರೆ ಅಸಲಿ, ಬಟ್ಟೆಯ ನೇಯ್ಗೆ ಕಂಡರೆ ನಕಲಿ. ಅಷ್ಟಕ್ಕೂ ಸಮಾಧಾನವಾಗದೆ ಒಂದೆಳೆ ಕಿತ್ತು, ಸುಟ್ಟು ಮೂಸಿ ನೋಡಲು ಬೆಂಕಿಪೊಟ್ಟಣ ಕೇಳಿದೆ. "ಸರ್, ಸುಡುವುದಾದ್ರೆ ಮೊದ್ಲು ಬಿಲ್ ಮಾಡುವ, ಆಗದಾ?" ಎಂದ ಅಂಗಡಿಯವ.

ಮನೆಗೆ ತಂದ ದಿನವೇ ಹೆಂಡತಿ ಸುನಂದಾಳಿಗೆ ಪಾದರಕ್ಷೆಗಳ ಆರೈಕೆಯ ಬಗ್ಗೆ ಉಪನ್ಯಾಸ ಕೊಟ್ಟೆ. ರಬ್ಬರಿಗೆ ಒಂದು ಚೊಂಬು ನೀರು ಸಾಕು, ಕ್ಯಾನ್ವಾಸಿಗೆ ಸೋಪು ಮತ್ತು ಬ್ರಷ್, ಮಾಮೂಲಿ ಚರ್ಮಕ್ಕೆ ಒಣ ಬಟ್ಟೆ, ಆಮೇಲೆ ಪಾಲಿಶ್. ಕುರಿಚರ್ಮವನ್ನು ಮಾತ್ರ ನೀರಿನಲ್ಲಿ ಅದ್ದಬಾರದು, ಬಿಸಿಲಿಗೆ ಹಾಕಿದರೆ ಸೆಟೆದುಕೊಳ್ಳುತ್ತದೆ, ಪ್ಲಾಸ್ಟಿಕ್ ಚೀಲದಲ್ಲಿ ಅದಕ್ಕೆ ಉಸಿರಾಟವಿಲ್ಲ. ಹತ್ತಿಬಟ್ಟೆಯಲ್ಲಿ ಸುತ್ತಿ ಮನೆಯ ಅತ್ಯಂತ ಒಣ ಜಾಗದಲ್ಲಿ ಇಡಬೇಕು.

"ಆಟಿ ತಿಂಗಳ ಮಳೆಗೆ ಉಡುಪಿಯಲ್ಲಿ ಒಣ ಜಾಗ ಎಲ್ಲುಂಟು ಮಾರಾಯ್ರೇ?" ಎಂದಳು ಅವಳು. ಆ ಪ್ರಶ್ನೆ ನನ್ನನ್ನು ಕೆಣಕಿತ್ತು ಎಂಬುದಷ್ಟೇ ಈಗ ನೆನಪಿದೆ.

ನಡುವೆ ನೋವು ಕಡಿಮೆಯಾಗಿ ಚಪ್ಪಲಿ ಬೇಡವಾಯಿತು. ಮಳೆ ಜೋರಾದಾಗ ನೋವು ಮರಳಿತು, ಚಪ್ಪಲಿ ಮರಳಲಿಲ್ಲ. ಸುನಂದಾ ಆ ಹೊತ್ತಿಗಾಗಲೇ ನನ್ನ ಮೇಲೆ ಕಣ್ಣಿಟ್ಟಿದ್ದಳು. ಆದಿ ಉಡುಪಿಯ ಸಂತೆಗೆ ತರಕಾರಿ ತರಲು ಸ್ಕೂಟರಿನಲ್ಲಿ ಹೋದವನು ಬಸ್ಸಿನಲ್ಲಿ ಮನೆಗೆ ಬಂದಿದ್ದೆ. ಮಣಿಪಾಲದಲ್ಲಿ ಮರೆವಿನ ಡಾಕ್ಟರೊಬ್ಬರ ಅಪಾಯಿಂಟ್‌ಮೆಂಟ್ ಅವಳ ಕೈಯಲ್ಲಿತ್ತು. ನನಗೆ ನಿಜಕ್ಕೂ ಹೆದರಿಕೆಯಾಯಿತು. ಅಲ್ಲಿ ಇವತ್ತು ಯಾವ ವಾರ, ನೂರರಿಂದ ಏಳೇಳು ಕಳೆಯಿರಿ ಎಂದೆಲ್ಲ ಕೇಳುತ್ತಾರಂತೆ. ಕೇಳುವವನು ನನ್ನದೇ ಶಿಷ್ಯನಾಗಿದ್ದರೆ? ಅದಕ್ಕಿಂತ ಹೆಚ್ಚಾಗಿ, ಉತ್ತರ ಹೊಳೆಯದಿದ್ದರೆ?

"ಚಪ್ಪಲಿ ಕಪಾಟಿನ ಕೆಳಗಿನ ಅರೆಯಲ್ಲಿ ಇಟ್ಟದ್ದು ಕಣ್ಣಿಗೆ ಕಟ್ಟಿದ ಹಾಗಿದೆ. ಅಲ್ಲಿ ಸಿಕ್ಕಿದರೆ ಡಾಕ್ಟರು ಬೇಡ," ಎಂದೆ.

"ಸಿಕ್ಕಿದ್ರೆ ಬೇಡ," ಎಂದು ಅವಳು ಒಪ್ಪಿದಳು.

ಕಪಾಟು ತೆರೆದೆ. ಮೂಲೆಯ ಕತ್ತಲಲ್ಲಿ ಬೆಳ್ಳಗೆ, ಮೆತ್ತಗೆ, ಉಣ್ಣೆ! "ನೋಡು!" ಎಂದು ಕೂಗಿ, ಹೊರಗೆಳೆದು, ಗೆದ್ದ ಹುಮ್ಮಸ್ಸಿನಲ್ಲಿ ಕಾಲು ತೂರಿಸಿದೆ. ತಣ್ಣಗೆ, ಒದ್ದೆಯಾಗಿ, ಲೋಳೆಲೋಳೆಯಾಗಿ ಏನೋ ಬೆರಳ ಸಂದಿಗೆ ಮೆತ್ತಿತು. ಬೂದಿಯಂಥ ಪುಡಿ ಮೂಗಿಗೇರಿತು. ಅದು ಕಾಪು ಕಡಲ ನೀರಿನಲ್ಲಿ ತೋಯಿಸಿಕೊಂಡು ಬಂದು ಒರೆಸದೆ ಒಳಗಿಟ್ಟಿದ್ದ ನನ್ನ ಮಾಮೂಲಿ ಚರ್ಮದ ಚಪ್ಪಲಿ. ಉಣ್ಣೆ ಎಂದುಕೊಂಡದ್ದು ಬೂಷ್ಟು. ಸಾಕ್ಷಾತ್ ಕುರಿಯೂ ನಾಚುವಷ್ಟು ದಟ್ಟವಾಗಿ ಬೆಳೆದಿತ್ತು. ಎಳೆ ಸುಟ್ಟು ಪರೀಕ್ಷಿಸುವ ವಿಜ್ಞಾನಿಗೆ ಈ ಸಲ ಮೂಸಿ ನೋಡಲೂ ತೋಚಿರಲಿಲ್ಲ.

ಸುನಂದಾ ನಗಲಿಲ್ಲ. ಅದೇ ನನ್ನನ್ನು ಹೆಚ್ಚು ಕಂಗೆಡಿಸಿದ್ದು. "ನಾಳೆ ಹತ್ತೂವರೆಗೆ," ಎಂದಳು ಅಷ್ಟೆ.

ಕಾರ್ಕಳದಿಂದ ಬಂದಿದ್ದ ಅತ್ತೆ, ಸುನಂದಾಳ ಅಮ್ಮ, "ಈ ಮಳೆಗೆ ನಾಲ್ಕು ಹಲಸಿನ ಹಪ್ಪಳ ಕಾಯಿಸುವ," ಎನ್ನುತ್ತಾ ಅಡುಗೆಮನೆಗೆ ಹೋದರು. ಬೇಸಗೆಯಲ್ಲಿ ತಾವೇ ಒತ್ತಿ, ಒಣಗಿಸಿ, ನಮಗೆಂದು ಕೊಟ್ಟಿದ್ದ ಹಪ್ಪಳ. ಗಾಳಿಯಾಡದ ದೊಡ್ಡ ಡಬ್ಬಿಯ ಮುಚ್ಚಳ ತೆಗೆದ ಸದ್ದು ಕೇಳಿತು, ಹಿಂದೆಯೇ ಚೀತ್ಕಾರ.

"ಅಯ್ಯೋ ದೇವರೇ! ಸುನಂದಾ, ಡಬ್ಬಿಯೊಳಗೆ ಎಂತದೋ ಸತ್ತದ್ದುಂಟು! ರೋಮ ಕಾಣ್ತದೆ!"

ಓಡಿ ಹೋಗಿ ನೋಡಿದೆವು. ಹಪ್ಪಳದ ಕಟ್ಟುಗಳ ಮೇಲೆ, ನನ್ನ ಹಳೆಯ ಹತ್ತಿ ಬನಿಯನ್ನಿನಲ್ಲಿ ಅಚ್ಚುಕಟ್ಟಾಗಿ ಸುತ್ತಿಟ್ಟ ಕುರಿಚರ್ಮದ ಚಪ್ಪಲಿ! ಒಂದು ಚುಕ್ಕೆ ಬೂಷ್ಟಿಲ್ಲ. ಇಟ್ಟದ್ದು ನನಗೆ ಒಂದಿಷ್ಟೂ ನೆನಪಿಲ್ಲ. ಆದರೆ ಮಳೆಗಾಲದಲ್ಲಿ ನಮ್ಮ ಮನೆಯ ಅತ್ಯಂತ ಒಣ ಜಾಗ ಹಪ್ಪಳದ ಡಬ್ಬಿ ಎಂದು ತರ್ಕಿಸಬಲ್ಲವರು ಇಲ್ಲಿ ಇನ್ಯಾರಿದ್ದಾರೆ?

"ಶುದ್ಧದಲ್ಲಿ ಮಾಡಿದ ಹಪ್ಪಳದ ಮೇಲೆ ಚರ್ಮವಾ?" ಎಂದು ಅತ್ತೆ ಕುಸಿದು ಕುಳಿತರು. ಡಬ್ಬಿಯೊಳಗಿದ್ದುದೆಲ್ಲ ಹಿತ್ತಲಿಗೆ ಹೋಯಿತು.

ಸುನಂದಾ ಚಪ್ಪಲಿಯನ್ನೊಮ್ಮೆ ನನ್ನನ್ನೊಮ್ಮೆ ನೋಡಿದಳು. ಆಮೇಲೆ ಫೋನ್ ಎತ್ತಿ ಅಪಾಯಿಂಟ್‌ಮೆಂಟ್ ರದ್ದು ಮಾಡಿದಳು. ನನಗೆ ಹೋದ ಜೀವ ಬಂದಂತಾಯಿತು. "ನೋಡಿದೆಯಾ, ತಲೆ ಸರಿ ಉಂಟು," ಎಂದೆ.

"ಮರೆವಿಗಾದ್ರೆ ಮದ್ದು ಉಂಟಂತೆ," ಎಂದಳು ಅವಳು. "ಹಪ್ಪಳದ ಡಬ್ಬಿಯಲ್ಲಿ ಚಪ್ಪಲಿ ಇಡುವ ಬುದ್ಧಿಗೆ ಡಾಕ್ಟ್ರು ಎಂತ ಕೊಡ್ತಾರೆ? ಇದು ಮದುವೆಯಾಗುವಾಗಲೇ ಇದ್ದದ್ದಲ್ವಾ."

ಅಡುಗೆಮನೆಗೆ ನನಗೀಗ ಪ್ರವೇಶವಿಲ್ಲ. ಹಾಗಾಗಿ ಚಪ್ಪಲಿಗೆ ಬೇರೆ ಜಾಗ ಹುಡುಕಿ ಇಟ್ಟಿದ್ದೇನೆ. ಡಬ್ಬಿಗಿಂತಲೂ ಒಣ ಜಾಗ, ವೈಜ್ಞಾನಿಕ ಮನಸ್ಸಿಗೆ ಮಾತ್ರ ಹೊಳೆಯುವಂಥದ್ದು. ನಿನ್ನೆಯಿಂದ ಹಿಮ್ಮಡಿ ಮತ್ತೆ ನೋಯುತ್ತಿದೆ. ಆ ಜಾಗ ನನಗೆ ಇನ್ನೊಮ್ಮೆ ಹೊಳೆಯುವುದನ್ನೇ ಕಾಯುತ್ತಾ ಕುಳಿತಿದ್ದೇನೆ.